ಕುಂಕುಮದ ಗುರುತು

ವಾಹನದ ರೋಗವನ್ನು ಲಕ್ಕಯ್ಯ ಅಂಗಾಲಿನಿಂದ ಕೇಳುತ್ತಿದ್ದ. ಕಿಬ್ಬನಹಳ್ಳಿಯ ಕೂಡುರಸ್ತೆಯಲ್ಲಿದ್ದ ಅವನ ಶೆಡ್ಡಿಗೆ ಯಾವ ಕಾರು ಬರಲಿ, ಚಪ್ಪಲಿ ಕಳಚಿ ಹಿಂದಿನ ಸೀಟಿಗೆ ನುಗ್ಗಿ, ನೆಲದ ನಡುವಿನ ಉಬ್ಬಿನ ಮೇಲೆ ಬರಿಗಾಲೂರಿ ‘ಓಡ್ಸು’ ಎನ್ನುವನು. ಫರ್ಲಾಂಗು ಕಳೆಯುವುದರೊಳಗೆ ರೋಗದ ಹೆಸರು ಹೇಳಿ ಇಳಿದುಬಿಡುವನು. ಸ್ಪ್ಯಾನರುಗಳ ಭಾರಕ್ಕೆ ಬಲಗಡೆ ಜೋತುಬಿದ್ದ ಖಾಕಿ ಕೋಟು, ಯಾರೋ ಬೆನ್ನಟ್ಟಿದಂಥ ನಡಿಗೆ, ನಿಂತೇ ಕುಡಿದು ಅರ್ಧಕ್ಕೆ ಬಿಡುವ ಟೀ. ಕಾರಿನ ಹೊರಗೆ ಅವನು ಕುಳಿತದ್ದನ್ನು ಕಂಡವರಿಲ್ಲ.

ಕೋಪವೆಲ್ಲ ಮನುಷ್ಯರ ಮೇಲೆ, ಕರುಣೆಯೆಲ್ಲ ಕಬ್ಬಿಣದ ಮೇಲೆ. ಎರಡು ಭಾಗಗಳನ್ನು ಬಿಚ್ಚುವ ಮುನ್ನ, ಮತ್ತೆ ಹಾಗೇ ಕೂಡಿಸಲೆಂದು ಉಳಿದ ಮೆಕ್ಯಾನಿಕ್‌ಗಳು ಉಳಿಯಿಂದ ಗೀರು ಹಾಕಿದರೆ, ಲಕ್ಕಯ್ಯ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಬೊಟ್ಟಿಡುತ್ತಿದ್ದ. ‘ಗಾಯ ಮಾಡಿ ಗುರ್ತು ಮಡಗಕ್ಕೆ ಅದೇನು ಕಳ್ಳನ ಬೆನ್ನಾ?’ ಎಂಬುದು ಅವನ ವಾದ.

ಎಂಬತ್ತಮೂರರ ದಸರೆಗೆ ಮುಂಚೆ ಅರಳಗುಪ್ಪೆಯ ಗುರುಶಾಂತಮ್ಮನವರ ಲ್ಯಾಂಡ್‌ಮಾಸ್ಟರ್ ಬಂತು. ತೀರಿಕೊಂಡ ಯಜಮಾನರು ಕೊಂಡ ಕಾರು. ತೋಟದಿಂದ ತೋಟಕ್ಕೆ ಆಯಮ್ಮ ಓಡಾಡುತ್ತಿದ್ದುದು ಅದರಲ್ಲೇ, ಹನ್ನೆರಡು ವರ್ಷದಿಂದ ಓಡಿಸುತ್ತಿದ್ದವನು ಈರಣ್ಣ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಶಾಫ್ಟಿನ ತುದಿಗಳಲ್ಲಿ ಕ್ರಾಸ್ ಎಂಬ ಶಿಲುಬೆಯಾಕಾರದ ಒಂದೊಂದು ಕೀಲು ಇರುತ್ತದೆ, ಎರಡೂ ಸವೆದಿದ್ದವು. ಬಿಚ್ಚಿ ನೋಡಿದರೆ ಸೂಜಿಯಂಥ ಬೇರಿಂಗುಗಳು ಕೆಂಪು ಪುಡಿಯಾಗಿ ಉದುರಿದವು. ಹೊಸ ಕ್ರಾಸುಗಳು ಬೆಂಗಳೂರಿನಿಂದ ಬರುವವರೆಗೆ ಶಾಫ್ಟು, ಅದರ ತುದಿಗೆ ಹಲ್ಲಿಗೆ ಹಲ್ಲು ಕೂಡಿ ಜಾರುವ ಕೊಳವೆ, ಎರಡೂ ಬೊಟ್ಟಿಟ್ಟುಕೊಂಡು ಹಲಗೆಯ ಮೇಲೆ ಮಲಗಿದವು.

ಹಬ್ಬದ ಮರುದಿನ ಕ್ರಾಸು ಬಂದವು. ಲಕ್ಕಯ್ಯ ಬೊಟ್ಟಿಗೆ ಬೊಟ್ಟು ಕೂಡಿಸಿ, ಹೊತ್ತು ಇಳಿಯುವುದರೊಳಗೆ ಕಾರನ್ನು ಕಳುಹಿಸಿದ. ಎರಡು ದಿನಕ್ಕೆ ಅದು ಮೈಯೆಲ್ಲ ನಡುಗುತ್ತ ವಾಪಸು ಬಂತು. ಅವನು ಕಾರಿನ ಹತ್ತಿರಕ್ಕೂ ಹೋಗಲಿಲ್ಲ. ಟೀ ಅಂಗಡಿಯ ಮುಂದೆ, ಬಸ್ಸಿಗೆ ಕಾದವರೆಲ್ಲ ಕೇಳುವಂತೆ ಗುಡುಗಿದ:

‘ಲೇ ಈರ, ಕ್ಲಚ್ಚು ತುಳಿಯಾಕೆ ಬರದೋನಿಗೆ ಕಾರ್ಯಾಕ್ಲಾ? ಎತ್ತಿನ ಬಾಲ ಮುರ್ಕಂಡಿರು, ಹೋಗು.’

ಮಾತು ಈರಣ್ಣನಿಗಿಂತ ಮುಂಚೆ ಅರಳಗುಪ್ಪೆ ಸೇರಿತು. ಮರುದಿನ ಬೆಳಿಗ್ಗೆ ಈರಣ್ಣ ಅದೇ ಕಾರು ತಂದು ನಿಲ್ಲಿಸಿದ. ‘ಅಮ್ಮಾರು ನಾಳೆಯಿಂದ ಬರಬ್ಯಾಡ ಅಂದವ್ರೆ ಕಣಣ್ಣ. ಹೋಗೋಕ್ ಮುಂಚೆ ಇದನ್ನ ಸರಿ ಮಾಡಿಸ್ಬುಡನ ಅಂತ ಬಂದೆ’ ಎಂದು ಬೆಂಚಿನ ಮೇಲೆ ಕುಳಿತ. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಲಕ್ಕಯ್ಯನಿಗೆ ಎಷ್ಟೋ ಸಲೀಸಾಗುತ್ತಿತ್ತು.

ಅವನು ಕಾರಿನಡಿ ತೂರಿ ಶಾಫ್ಟು ಇಳಿಸಿದ. ಕ್ರಾಸನ್ನು ಹಿಡಿದು ಒಂದೇ ಸಾಲಿನಲ್ಲಿರಬೇಕಾದ ಎರಡು ತುದಿಯ ಕವಲುಗಳು ಒಂದಕ್ಕೊಂದು ಮೋರೆ ತಿರುವಿಕೊಂಡಿದ್ದವು. ಬೊಟ್ಟುಗಳು ಮಾತ್ರ ಎದುರುಬದುರಾಗಿದ್ದವು. ಆಗ ಆಯುಧಪೂಜೆ ನೆನಪಾಯಿತು. ಶೆಡ್ಡಿನ ಸಾಮಾನನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಥಳಥಳ ಒರೆಸಿ, ಸುತ್ತಿಗೆಗೆ, ಜಾಕಿಗೆ, ಈ ಶಾಫ್ಟಿಗೆ, ಈ ಕೊಳವೆಗೆ ಭಕ್ತಿಯಿಂದ ಬೊಟ್ಟಿಟ್ಟದ್ದು ಅವನದೇ ಬೆರಳು. ಆ ದಿನ ಹೆಂಡತಿಯನ್ನೂ ಒಳಗೆ ಬಿಟ್ಟಿರಲಿಲ್ಲ. ಗುರುತಿನ ಬೊಟ್ಟು ಸೀಮೆಎಣ್ಣೆಯ ಪಾಲಾಗಿ ಪೂಜೆಯ ಬೊಟ್ಟು ಉಳಿದಿತ್ತು. ಕಣ್ಣಳತೆಯಲ್ಲಿ ಕವಲು ನೋಡುವಷ್ಟು ತಾಳ್ಮೆಯೂ ಜೋಡಿಸಿದ ದಿನ ಇರಲಿಲ್ಲ.

ಯಾರೂ ನೋಡಿಲ್ಲ. ಹಲ್ಲು ಸರಿಸಿ ಕೂಡಿಸಿದರೆ ನಡುಕ ನಿಲ್ಲುತ್ತದೆ, ತನ್ನ ಮಾತು ಉಳಿಯುತ್ತದೆ, ಈರಣ್ಣ ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಾನೆ. ಲಕ್ಕಯ್ಯ ಕಾರಿನಡಿ ಅಂಗಾತ ಮಲಗಿ ಬೆಂಚಿನ ಕೆಳಗಿನ ಆ ಎರಡು ಪಾದಗಳನ್ನು ನೋಡಿದ. ಸರಿಯಾಗಿ ಕೂಡಿಸಿದ. ಎದ್ದು, ಮಸಿಗೈಯಲ್ಲೇ, ‘ನಡಿ ಅರಳಗುಪ್ಪೆಗೆ’ ಎಂದು ಕಾರು ಹತ್ತಿದ.

‘ತಪ್ಪು ನಂದು ಅಮ್ಮಾರೆ. ಇವ್ನು ನೆಟ್ಟಗೇ ಓಡ್ಸವ್ನೆ.’

ಗುರುಶಾಂತಮ್ಮ ಜಗಲಿಯಿಂದ ಏಳಲಿಲ್ಲ. ‘ರಸ್ತೆಲಿ ಬೈದು ನನ್ನ ಅಂಗಳದಲ್ಲಿ ತಪ್ಪಾಯ್ತು ಅಂದ್ರೆ ಹೆಂಗಪ್ಪ? ನಾಳೆ ಅವ್ನು ಆ ರಸ್ತೆಲೇ ಅಲ್ವಾ ಓಡಾಡೋದು?’

ಲಕ್ಕಯ್ಯ ಈರಣ್ಣನನ್ನು ಕರೆದುಕೊಂಡು ಕೂಡುರಸ್ತೆಗೆ ವಾಪಸು ಬಂದ. ಬಸ್ಸಿನ ಹೊತ್ತು, ಟೀ ಅಂಗಡಿ ತುಂಬಿತ್ತು. ಅಲ್ಲಿದ್ದವರೇ ಅಪರಾಧಿಗಳೆಂಬಂತೆ ಗದರಿದ: ‘ಕೇಳ್ರಲಾ ಎಲ್ಲ. ಈರಣ್ಣಂದು ಏನೂ ತಪ್ಪಿಲ್ಲ. ಶಾಫ್ಟು ಅಡ್ಡಾದಿಡ್ಡಿ ಜೋಡ್ಸಿದೋನು ನಾನು. ನಗೋರು ಈಗ್ಲೇ ನಕ್ಬುಡಿ.’

ಒಬ್ಬ ಮುದುಕ ನಿಜಕ್ಕೂ ನಕ್ಕ. ಈರಣ್ಣ ಬೆಂಚಿನಲ್ಲಿ ಜರುಗಿ, ‘ಸಾಕು ಬುಡಣ್ಣ, ಗಂಟ್ಲು ಹರ್ಕಂಡೀಯ. ಇಲ್ಲಿ ಕುಂತ್ಕ’ ಎಂದ. ಲಕ್ಕಯ್ಯ ಕೂರಲಿಲ್ಲ, ಬೆಂಚಿನ ಅಂಚಿಗೆ ಒಂದು ಮೊಣಕಾಲು ಊರಿದ, ಅಷ್ಟೆ.

ಇಂಥವರು ಪಶ್ಚಾತ್ತಾಪಕ್ಕೆಂದು ಬೇರೆ ಧ್ವನಿಯನ್ನು ಕಲಿತಿರುವುದಿಲ್ಲ. ಬೈದ ಬಾಯಲ್ಲೇ, ಬೈದಷ್ಟೇ ಜೋರಾಗಿ ತಮ್ಮನ್ನೂ ಬೈದುಕೊಳ್ಳುತ್ತಾರೆ. ಮೃದುವಾಗಿ ಮಾತಾಡುವವರು ಮೃದುವಾಗಿಯೇ ತಪ್ಪನ್ನು ಮರೆಸಿ ಸಾಗುವ ಲೋಕದಲ್ಲಿ, ಊರಿಗೆಲ್ಲ ಕೇಳುವಂತೆ ಸೋಲುವ ಈ ಜಾತಿಯ ಮನುಷ್ಯರ ಪಕ್ಕದಲ್ಲಿ ಬದುಕುವುದು ಕಷ್ಟ. ಆದರೆ ಹೇಳಿದ್ದು ತಪ್ಪಾದರೆ ಅದನ್ನೂ ಅವರೇ ಹೇಳುತ್ತಾರೆ, ಇನ್ನೊಬ್ಬರಲ್ಲಿ ವಿಚಾರಿಸಬೇಕಾಗಿಲ್ಲ.