ಚಕ್ರದಡಿಯ ಕಲ್ಲು

ಕಡಹಿನಬೈಲಿನ ಪರಮೇಶ್ವರಪ್ಪನವರ ಎದುರು ಯಾರ ಬಗ್ಗೆ ಬೇಕಾದರೂ ಹಗುರವಾಗಿ ಮಾತಾಡಬಹುದಿತ್ತು, ಅವರ ಜೀಪಿನ ಬಗ್ಗೆ ಮಾತ್ರ ಆಗುತ್ತಿರಲಿಲ್ಲ. ನಾಲ್ಕೂ ಚಕ್ರ ಎಳೆಯುವ ಹಳೆಯ ಡೀಸೆಲ್ ಜೀಪು ಅದು. ಸುತ್ತಮುತ್ತ ಯಾರ ಗಾಡಿ ಕೆಸರಲ್ಲಿ ಹೂತುಕೊಂಡರೂ ಎಳೆಯಲು ಇವರಿಗೇ ಫೋನ್ ಬರಬೇಕು. ಊಟಕ್ಕೆ ಕೂತಿದ್ದರೂ ಕೈ ತೊಳೆದು ಎದ್ದು ಹೋಗುತ್ತಿದ್ದರು. ಆದರೆ ಎಳೆದುಕೊಟ್ಟು ಸುಮ್ಮನೆ ಬರುವ ಜಾಯಮಾನವಲ್ಲ. ಇಷ್ಟು ವರ್ಷದಲ್ಲಿ ತಮ್ಮ ಗಾಡಿ ಒಂದೇ ಒಂದು ದಿನ ಸ್ಟಾರ್ಟ್ ಆಗದೆ ನಿಂತದ್ದಿಲ್ಲ ಎಂದು ಹೇಳಿಯೇ ಬರುತ್ತಿದ್ದರು.

ಅದು ಸುಳ್ಳಂತೂ ಅಲ್ಲ. ಆದರೆ ಒರೆಗೆ ಹಚ್ಚಿ ನೋಡಿದ ಮಾತೂ ಅಲ್ಲ. ಆ ಕಡೆಯ ಜೀಪಿನವರೆಲ್ಲರ ಹಾಗೆ ಪರಮೇಶ್ವರಪ್ಪನವರೂ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದವರೇ ಅಲ್ಲ. ಮನೆಯ ಮೇಲ್ಬದಿಯ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸುವುದು, ಭದ್ರಾ ಹೊಳೆಯಿಂದ ತಂದ ಒಂದು ಕಲ್ಲನ್ನು ಮುಂದಿನ ಚಕ್ರಕ್ಕೆ ಅಡ್ಡ ಕೊಡುವುದು. ಬೆಳಿಗ್ಗೆ ಕಲ್ಲು ತೆಗೆದು, ಬ್ರೇಕ್ ಬಿಟ್ಟು, ಉರುಳುವಾಗ ಗೇರಿಗೆ ಹಾಕುವುದು. ಗಾಡಿ ಏಳದೆ ಎಲ್ಲಿಗೆ ಹೋಗುತ್ತದೆ? ಕೀಲಿ ತಿರುಗಿಸಿ ಸೆಲ್ಫ್ ಹೊಡೆಯುತ್ತಿದ್ದದ್ದು ಪೇಟೆಯಲ್ಲಿ, ಅದೂ ಎಂಜಿನ್ ಬಿಸಿ ಇರುವಾಗ. ಆ ಕಲ್ಲು ಸೀಟಿನ ಹಿಂದೆ ಕೂತು ಗಾಡಿ ಹೋದಲ್ಲೆಲ್ಲ ಹೋಗುತ್ತಿತ್ತು.

ಕಳೆದ ದೀಪಾವಳಿಗೆ ಅವರು ಆಸೆಪಟ್ಟು ಜೀಪಿಗೊಂದು ಶೆಡ್ ಕಟ್ಟಿಸಿದರು. ಮೇಲೆ ಶೀಟು, ಕೆಳಗೆ ಸಿಮೆಂಟಿನ ನೆಲ. ನೀರು ಸುರಿದರೆ ಯಾವ ಕಡೆಗೂ ಹರಿಯದಷ್ಟು ಸಮ. ಗ್ರಹಚಾರ ಶುರುವಾದದ್ದೇ ಅಲ್ಲಿಂದ. ಬೆಳಗಿನ ಚಳಿಗೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಹೊಡೆದು ಹೊಡೆದು ಕೇರಿಯೆಲ್ಲ ಎದ್ದು ಕೂತ ಮೇಲೆ ಒಮ್ಮೆ ಕೆಮ್ಮಿ, ಬಿಳಿ ಹೊಗೆ ಉಗುಳಿ ಏಳುತ್ತದೆ. ಆಮೇಲೆ ದಿನವಿಡೀ ಕೀಲಿ ಮುಟ್ಟಿದರೆ ಸಾಕು.

ಇಂಥ ಹೊತ್ತಿನಲ್ಲೇ ಮಗಳು ರಶ್ಮಿ ಜೀಪ್ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಭಂಡಿಗಡಿ ಕಡೆಯ ಹುಡುಗರು ಸೇರಿ ಕೊಯ್ಲು ಮುಗಿದ ಗದ್ದೆಗಳಲ್ಲಿ ನಡೆಸುವ ಸ್ಪರ್ಧೆ. ಈ ಸಲ ಹೆಂಗಸರಿಗೂ ಇತ್ತು. ಮನೆಯ ಗದ್ದೆ, ಶುಂಠಿ, ಗೊಬ್ಬರದ ಸಾಗಣೆ ಎಲ್ಲ ನೋಡಿಕೊಳ್ಳುವವಳು ರಶ್ಮಿಯೇ. ಅವಳಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ್ದು ಅಪ್ಪ. ಅವರಂತೂ ನರಸಿಂಹರಾಜಪುರದಲ್ಲಿ ಕಂಡಕಂಡವರಿಗೆಲ್ಲ ತಮ್ಮ ಮಗಳು ತಮ್ಮ ಜೀಪಿನಲ್ಲಿ ಇಳಿಯುತ್ತಾಳೆಂದು ಸಾರಿ ಬಂದಿದ್ದರು. ಆದರೆ ಸ್ಪರ್ಧೆಯ ಕಟ್ಟಳೆ ಗಟ್ಟಿಯಾಗಿತ್ತು. ಗಾಡಿ ಹಿಂದಿನ ಸಂಜೆಯೇ ಗದ್ದೆಗೆ ಬಂದು ನಿಲ್ಲಬೇಕು, ಬೆಳಿಗ್ಗೆ ಸೀಟಿ ಊದಿದಾಗ ತಣ್ಣಗಿನ ಎಂಜಿನ್ ತಾನಾಗಿ ಏಳಬೇಕು. ತಳ್ಳಿದರೆ ಅಲ್ಲಿಗೇ ಆಟ ಮುಗಿಯಿತು.

ಪರಮೇಶ್ವರಪ್ಪನವರ ಅಣ್ಣನ ಮಗ ವೀರೇಶ್ ತನ್ನ ಹೊಸ ಗಾಡಿ ಕೊಡುತ್ತೇನೆಂದು ಮುಂದೆ ಬಂದ. ಸರಿಯಾಗದಿದ್ದರೆ ಅದನ್ನೇ ಒಯ್ಯುತ್ತೇನೆ ಎಂದು ರಶ್ಮಿ ಹೇಳಿದ ದಿನ ಪರಮೇಶ್ವರಪ್ಪ ಅರ್ಧ ಊಟಕ್ಕೇ ಎದ್ದುಬಿಟ್ಟರು. ಇನ್ನೊಬ್ಬರ ಗಾಡಿಯಲ್ಲಿ ಮಗಳು ಗೆದ್ದು ಬಂದರೆ ತಾವು ಯಾವ ಮುಖ ಇಟ್ಟುಕೊಂಡು ಚಪ್ಪಾಳೆ ತಟ್ಟುವುದು ಎಂದು ಅವರಿಗೆ ಸಂಕಟವಾಯಿತು.

ಅವರು ಮೊದಲು ಚಳಿಯನ್ನು ಬೈದರು, ಆಮೇಲೆ ಡೀಸೆಲ್ಲನ್ನು. ಹೊಸ ಬ್ಯಾಟರಿ ಬಂತು. ಪೇಟೆಯ ಮೆಕ್ಯಾನಿಕ್ ಯೋಗೇಂದ್ರ ಎಂಜಿನ್ ಬಿಸಿ ಮಾಡುವ ಹೀಟರ್‌ಗಳನ್ನೆಲ್ಲ ಬದಲಾಯಿಸಿದ. ಮರುದಿನ ಬೆಳಿಗ್ಗೆ ಮತ್ತೆ ಅದೇ ರಾಗ. ಗಾಡಿ ತನ್ನ ಹತ್ತಿರ ಬರುವಾಗ ಬಿಸಿಯಾಗಿಯೇ ಬರುತ್ತದೆ, ರೋಗ ಕಾಣುವುದಾದರೂ ಹೇಗೆ ಎಂದು ಅವನು ಕೈಚೆಲ್ಲಿದ. ಏಳದೆ ಇರುವಾಗ ಸೈಲೆನ್ಸರಿನಲ್ಲಿ ಹೊಗೆ ಬರುತ್ತದೋ ಇಲ್ಲವೋ ನೋಡಿ ಎಂದಷ್ಟೇ ರಶ್ಮಿಗೆ ಹೇಳಿ ಕಳಿಸಿದ.

ಅವಳು ನೋಡಿದಳು. ಅಪ್ಪ ಸೆಲ್ಫ್ ಹೊಡೆಯುತ್ತಿದ್ದಾರೆ, ಸೈಲೆನ್ಸರಿನಲ್ಲಿ ಹೊಗೆಯ ಸುಳಿವೇ ಇಲ್ಲ. ಡೀಸೆಲ್ ಹೋಗಿದ್ದರೆ, ಹೊತ್ತಿಕೊಳ್ಳದಿದ್ದರೂ ಹೊಗೆಯಾಗಿ ಬರಬೇಕಿತ್ತು, ಅಂದರೆ ಎಂಜಿನ್ನಿಗೆ ಡೀಸೆಲ್ಲೇ ಹೋಗುತ್ತಿಲ್ಲ. ಟ್ಯಾಂಕ್ ತುಂಬಿರುವಾಗ ಹೋಗದೆ ಏನು ಎಂದು ಪರಮೇಶ್ವರಪ್ಪ ರೇಗಿದರು. ಕಾಫಿ ತಂದ ಸುಮಿತ್ರಮ್ಮ ಗಂಡನ ಮುಖ ನೋಡಿ ಲೋಟ ಕೈಗಿಟ್ಟು, ಮೆಲ್ಲಗೆ ಒಂದು ಮಾತು ಹೇಳಿದರು.

"ಸಂಕ್ರಾಂತಿಗೆ ಬಾಳಗಡಿಲಿ ತಂಗಿ ಮನೇಲಿ ಉಳ್ಕಂಡಿದ್ವಲ್ರೀ. ಮುಂದೆ ಕಾರು ನಿಂತಿತ್ತು ಅಂತ ಉರುಳಿಸಕ್ಕೆ ಆಗ್ದೆ ಸೆಲ್ಫ್ ಹೊಡೆದ್ರಿ. ಒಂದೇ ಸಲಕ್ಕೆ ಎದ್ದಿತ್ತು. ಚಳಿ ಅಲ್ಲೂ ಇತ್ತು."

ಅದು ತಮ್ಮ ಕೈಗುಣ ಎಂದು ಪರಮೇಶ್ವರಪ್ಪ ಮೀಸೆ ತಿರುವಿದರು. ರಶ್ಮಿ ಮಾತ್ರ ಆ ಮನೆಯ ಮುಂದಿನ ಓಣಿ ಎಷ್ಟು ಇಳಿಜಾರು ಎಂದು ಯೋಚಿಸುತ್ತಿದ್ದಳು. ಆ ಸಂಜೆ ಜೀಪನ್ನು ಶೆಡ್ಡಿಗೆ ಬಿಡದೆ, ಹಳೆಯ ಜಾಗದಲ್ಲೇ ಮೂತಿ ಕೆಳಗೆ ಮಾಡಿ ನಿಲ್ಲಿಸಿದಳು. ಬೆಳಿಗ್ಗೆ ಕಲ್ಲು ತೆಗೆಯಲಿಲ್ಲ, ಉರುಳಿಸಲಿಲ್ಲ, ಬರೀ ಸೆಲ್ಫ್ ಹೊಡೆದಳು. ಜೀಪು ತಟ್ಟನೆ ಎದ್ದಿತು.

ಪರಮೇಶ್ವರಪ್ಪ ಹಿಗ್ಗಿಹೋದರು. ಸ್ಪರ್ಧೆಯಲ್ಲೂ ಇಳಿಜಾರು ನೋಡಿ ನಿಲ್ಲಿಸಿದರಾಯಿತು ಎಂದರು. ರಶ್ಮಿ ಒಪ್ಪದೆ ತಲೆ ಅಲ್ಲಾಡಿಸಿ, ಅಪ್ಪನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು. ಟ್ಯಾಂಕ್ ಇರುವುದು ಹಿಂದೆ. ಮೂತಿ ಕೆಳಗಾದರೆ ಟ್ಯಾಂಕ್ ಮೇಲಾಗಿ ಡೀಸೆಲ್ ಎಂಜಿನ್ ಹತ್ತಿರವೇ ನಿಲ್ಲುತ್ತದೆ. ಸಮದಲ್ಲಿ ನಿಂತರೆ, ಪೈಪಿನಲ್ಲಿ ಎಲ್ಲೋ ಗಾಳಿ ಹೊಕ್ಕು, ರಾತ್ರಿಯಿಡೀ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದುಬಿಡುತ್ತದೆ.

"ಗಾಡಿ ಹಾಳಾಗಿದ್ದು ಈಗಲ್ಲ ಅಪ್ಪಾಜಿ," ಎಂದಳು. "ನಮಗೆ ಗೊತ್ತಾಗಿದ್ದು ಈಗ."

ಪರಮೇಶ್ವರಪ್ಪ ಜೀಪನ್ನೊಮ್ಮೆ, ಅದು ನಿಂತಿದ್ದ ಇಳಿಜಾರನ್ನೊಮ್ಮೆ ನೋಡಿದರು. ಇಷ್ಟು ವರ್ಷ ಊರೆಲ್ಲ ಕೊಚ್ಚಿಕೊಂಡದ್ದು ಗಾಡಿಯ ಬಲವನ್ನೋ, ಗುಡ್ಡದ ಇಳಿಜಾರನ್ನೋ? ಅವಮಾನವಾಯಿತು ನಿಜ. ಆದರೆ ಆ ಅವಮಾನದ ಅಡಿಯಿಂದಲೇ ಮಗಳ ಬಗ್ಗೆ ಒಂದು ಹೆಮ್ಮೆ ಏಳತೊಡಗಿತ್ತು, ಅದನ್ನು ಹೇಗೆ ತೋರಿಸಬೇಕೆಂದು ತಿಳಿಯದೆ ಸುಮ್ಮನೆ ಕಾಫಿ ಕುಡಿದರು.

ರಶ್ಮಿ ಎಂಜಿನ್ ಹತ್ತಿರ ಒಂದು ತುಂಡು ಪಾರದರ್ಶಕ ಪೈಪ್ ಹಾಕಿ ನೋಡಿದಳು. ಡೀಸೆಲ್ ಜೊತೆ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಅಪ್ಪ ಮಗಳು ಇಬ್ಬರೂ ಜೀಪಿನ ಕೆಳಗೆ ಅಂಗಾತ ಮಲಗಿ ಟಾರ್ಚ್ ಬಿಟ್ಟು ಪೈಪಿನುದ್ದಕ್ಕೂ ಹುಡುಕಿದರು. ಟ್ಯಾಂಕಿನ ಬಾಯಿಯ ಹತ್ತಿರ, ಕ್ಲಿಪ್ಪಿನ ಅಡಿಯಲ್ಲಿ ಹಳೆಯ ರಬ್ಬರ್ ಪೈಪು ಒಡೆದಿತ್ತು. ಡೀಸೆಲ್ ಸೋರುವಷ್ಟು ದೊಡ್ಡದಲ್ಲ, ಗಾಳಿ ಹೊಕ್ಕಲು ಸಾಕು. ಪರಮೇಶ್ವರಪ್ಪ ಮೈಗಂಟಿದ ಧೂಳನ್ನೂ ಕೊಡವದೆ ಪೇಟೆಗೆ ಹೋಗಿ ಹೊಸ ಪೈಪು ತಂದರು. ಮರುದಿನ ಬೆಳಿಗ್ಗೆ ಶೆಡ್ಡಿನ ಸಮ ನೆಲದಲ್ಲಿ ಜೀಪು ಒಂದೇ ಮಾತಿಗೆ ಎದ್ದಿತು.

ಆದರೂ ಸ್ಪರ್ಧೆಯ ಹಿಂದಿನ ಸಂಜೆ ಗದ್ದೆಗೆ ಇಳಿಯುವಾಗ ಅವರ ಕಣ್ಣು ಅಂಚಿನ ಒಂದು ದಿಬ್ಬದ ಮೇಲೇ ಇತ್ತು. ಮನೆಯಲ್ಲಿ ಎದ್ದದ್ದು ಬೇರೆ, ಬಯಲಿನ ಇಬ್ಬನಿಯಲ್ಲಿ ನೆನೆದು ಏಳುವುದು ಬೇರೆ. ಅಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಮಗಳ ಕಿವಿಯಲ್ಲಿ ಹೇಳಿದರು. ರಶ್ಮಿ ನಕ್ಕು, ಗದ್ದೆಯ ನಟ್ಟನಡುವೆ ಜೀಪು ನಿಲ್ಲಿಸಿ ಇಳಿದಳು.

"ಇಲ್ಲಿ ಎದ್ರೇ ಎದ್ದಂಗೆ ಅಪ್ಪಾಜಿ."

ಬೆಳಿಗ್ಗೆ ಗದ್ದೆಯ ಕೂಳೆಯೆಲ್ಲ ಇಬ್ಬನಿಗೆ ಬೆಳ್ಳಗಾಗಿತ್ತು. ಪರಮೇಶ್ವರಪ್ಪ ಎಲ್ಲರಿಗಿಂತ ಮೊದಲು ಬಂದು, ಕೈ ಸುಮ್ಮನಿರದೆ, ಮುಂದಿನ ಚಕ್ರಕ್ಕೆ ಆ ಕಲ್ಲು ಕೊಟ್ಟಿದ್ದರು. ಚಪ್ಪಟೆ ಗದ್ದೆಯಲ್ಲಿ ಗಾಡಿ ಎಲ್ಲಿಗೆ ಓಡುತ್ತದೆಂದು ನೋಡಿದವರೆಲ್ಲ ನಕ್ಕರು. ರಶ್ಮಿಗಿಂತ ಮೊದಲು ಸರದಿ ಬಂದ ಒಂದು ಜೀಪು ಕರಕರ ಎಂದು ತಿರುಗಿ, ಏಳದೆ, ತಳ್ಳಿಸಿಕೊಂಡು ಹೊರಗೆ ಹೋಯಿತು. ಪರಮೇಶ್ವರಪ್ಪ ಕಾಲಿನಿಂದ ಕಲ್ಲನ್ನು ಚಕ್ರಕ್ಕೆ ಇನ್ನಷ್ಟು ಒತ್ತಿದರು.

"ಅಪ್ಪಾಜಿ, ಕಲ್ಲು ತೆಗೀರಿ."

ಬಗ್ಗಿ ತೆಗೆದರು. ಗಾಡಿ ಒಂದು ಗೇಣೂ ಕದಲಲಿಲ್ಲ. ಸೀಟಿ ಕೇಳಿತು. ರಶ್ಮಿ ಕೀಲಿ ತಿರುಗಿಸಿ ಹೀಟರಿಗೆ ತುಸು ಹೊತ್ತು ಕೊಟ್ಟು ಸೆಲ್ಫ್ ಹೊಡೆದಳು. ಎಂಜಿನ್ ಒಂದು ಸುತ್ತು ತಿರುಗಿತೋ ಇಲ್ಲವೋ, ಗುಡುಗಿ ಎದ್ದಿತು. ಸ್ಪರ್ಧೆಗೆಂದು ತೋಡಿ ನೀರು ಬಿಟ್ಟಿದ್ದ ಹೊಂಡಕ್ಕೆ ಜೀಪು ಕೆಸರು ಚಿಮ್ಮಿಸುತ್ತ ಇಳಿಯಿತು.

ಜನ ಚಪ್ಪಾಳೆ ತಟ್ಟಿದರು. ಪರಮೇಶ್ವರಪ್ಪ ಎರಡೂ ಕೈಯಲ್ಲಿ ಕಲ್ಲು ಹಿಡಿದು ನಿಂತೇ ಇದ್ದರು, ಕಣ್ಣು ತುಂಬಿತ್ತು. ಚಳಿಗೆ ಏಳುವುದೇ ಇಲ್ಲ ಎಂದು ಸುದ್ದಿಯಾಗಿದ್ದ ಗಾಡಿ ಇದೇ ಅಲ್ಲವೇ ಎಂದು ಪಕ್ಕದವನೊಬ್ಬ ಕೇಳಿದ. ಹಳೆಯ ಮಾತು ಅವರ ನಾಲಗೆಯ ತುದಿಗೆ ಬಂದೇಬಂತು. ನುಂಗಿಕೊಂಡರು.

"ನನ್ನ ಕೈಲಿ ಇಳಿಜಾರಲ್ಲಿ ಏಳ್ತಿತ್ತು ಮಾರಾಯ," ಎಂದರು. "ಮಗಳ ಕೈಲಿ ಎಲ್ಲಿ ನಿಲ್ಲಿಸಿದ್ರೂ ಏಳ್ತದೆ."

ಹಾಗೆಂದು ಕಲ್ಲನ್ನು ಬದುವಿನ ಮೇಲೆ ಇಟ್ಟು, ಎಲ್ಲರ ಚಪ್ಪಾಳೆ ನಿಂತ ಮೇಲೂ ಒಬ್ಬರೇ ತಟ್ಟುತ್ತಿದ್ದರು. ಸಂಜೆ ಕಡಹಿನಬೈಲಿಗೆ ಬಂದು ಸುಮಿತ್ರಮ್ಮ ಕೇಳುವವರೆಗೂ ಆ ಕಲ್ಲಿನ ನೆನಪು ಅವರಿಗೆ ಬರಲಿಲ್ಲ.