ಕನ್ನಡಕ್ಕೆ ಮಾತ್ರ ತಡ

ಫೌಝಿಯಾಳ ಮುಖದ ಮೇಲಿನ ಬಿಳಿ ಬಟ್ಟೆಯನ್ನು ಅವಳ ತಾಯಿ ನೆಬೀಸ ಸರಿಸುತ್ತಿದ್ದಂತೆ ನವ್ಯಾ ಬಾಗಿದಳು. ಹೇಳಬೇಕೆಂದು ಬಸ್ಸಿನ ದಾರಿಯುದ್ದಕ್ಕೂ ಹಿಡಿದು ತಂದ ಮಾತೊಂದಿತ್ತು.

“ಬೆಳಿಗ್ಗೆ ಫೋನ್ ಮಾಡಿದ್ದು ನೀನಾ ಮಗಳೇ?” ನೆಬೀಸ ಕೇಳಿದರು. “ ಅವಳ ತಮ್ಮ ಅಸ್ಕರ್ ತೆಗೆದದ್ದು. ಅವಳು ಹೋಗಿ ಸ್ವಲ್ಪ ಹೊತ್ತಾಗಿತ್ತು ಅಷ್ಟೆ.”

“ಹೌದು ಉಮ್ಮ. ಸಿಕ್ಕಿತು ಅಂತ ಹೇಳ್ಲಿಕ್ಕೆ ಮಾಡಿದ್ದು.”

*

ಇಬ್ಬರೂ ನರಿಮೊಗರಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಇಂಗ್ಲಿಷಿಗೆ ಹೆದರುವ ಮಕ್ಕಳಿಗೆಂದು ಫೌಝಿಯಾ ಕನ್ನಡದಲ್ಲೇ ಬರೆಯಬಹುದಾದ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಕಟ್ಟಿದ್ದಳು. ನಾಲ್ಕು ಸಾಲಾದರೆ ಚುರುಕಾಗಿ ಓಡುತ್ತಿತ್ತು. ಉದ್ದದ ಕತೆ ಕೊಟ್ಟು ಪದ ಬಿಡಿಸಲು ಹೇಳಿದರೆ ಮಾತ್ರ ಕೂತಲ್ಲೇ ಕೂರುತ್ತಿತ್ತು. ಉತ್ತರ ಬರುವ ಮೊದಲೇ ಗಂಟೆ ಹೊಡೆದು ಮಕ್ಕಳು ಎದ್ದು ಹೋಗುತ್ತಿದ್ದರು.

ಕ್ಯಾನ್ಸರ್ ಎಲುಬಿಗೆ ಇಳಿದ ಮೇಲೂ ಅವಳು ಅದನ್ನು ಬಿಡಲಿಲ್ಲ.

“ಕಂಪ್ಯೂಟರ್ ಹಳತು, ಬಿಡು ಮಾರಾಯ್ತಿ,” ಎಂದಿದ್ದಳು ನವ್ಯಾ.

“ಅಲ್ಲ. ಇಂಗ್ಲಿಷ್ ಕೊಟ್ರೆ ಓಡ್ತದೆ. ಕನ್ನಡಕ್ಕೆ ಮಾತ್ರ ತಡ. ಕತೆ ಎರಡು ಪಟ್ಟಾದ್ರೆ ಹೊತ್ತು ನಾಲ್ಕು ಪಟ್ಟು. ಎಲ್ಲೋ ಓದಿದ್ದನ್ನೇ ಮತ್ತೆ ಓದ್ತಾ ಉಂಟು. ನನಗೆ ಕೀ ಒತ್ತುದಕ್ಕೂ ಆಗುದಿಲ್ಲ ಈಗ. ನೀನೇ ನೋಡು.”

ನವ್ಯಾ ನೋಡಿದಳು. ದಿನಗಟ್ಟಲೆ ತಪ್ಪು ಜಾಗದಲ್ಲೇ ನೋಡಿದಳು. ಇವತ್ತು ಬೆಳಿಗ್ಗೆ ಚಹಾ ಆರುತ್ತಿದ್ದಾಗ ಅದು ಕಣ್ಣಿಗೆ ಬಿತ್ತು. ಇಂಗ್ಲಿಷಿನ ಅಕ್ಷರಗಳಿಗೆಲ್ಲ ಕಂಪ್ಯೂಟರಿನ ನೆನಪಿನಲ್ಲಿ ಒಂದೇ ಅಳತೆಯ ಜಾಗ. ನೂರನೆಯದು ಎಲ್ಲಿದೆಯೆಂದು ನೇರವಾಗಿ ತಿಳಿಯುತ್ತದೆ. ಕನ್ನಡ ಬಂದರೆ ಸಣ್ಣ ದೊಡ್ಡ ಅಳತೆಗಳು ಬೆರೆಯುತ್ತವೆ. ಆಗ ಒಂದೊಂದು ಅಕ್ಷರ ಹುಡುಕುವಾಗಲೂ ಫೌಝಿಯಾಳ ಭಾಷೆ ಕತೆಯ ಮೊದಲಿನಿಂದ ಎಣಿಸಿಕೊಂಡು ಬರುತ್ತಿತ್ತು.

ಅವಳು ನಗುತ್ತಲೇ ಫೋನ್ ಎತ್ತಿಕೊಂಡಿದ್ದಳು.

*

ನವ್ಯಾ ಹೇಳಿದ್ದನ್ನೆಲ್ಲ ನೆಬೀಸ ಕೇಳಿಸಿಕೊಂಡರು. ಏನೂ ಅರ್ಥವಾಗಲಿಲ್ಲ.

“ಅದನ್ನು ಸರಿ ಮಾಡ್ಲಿಕ್ಕೆ ಆಗ್ತದಾ?”

“ಅದು ಆಗ್ತದೆ ಉಮ್ಮ.”

“ಹಾಗಾದ್ರೆ ಅವಳಿಗೆ ಹೇಳು. ದಿನಾ ಕೇಳ್ತಿದ್ಳು, ನವ್ಯಾ ಬಂದ್ಳಾ ಅಂತ.”

ನವ್ಯಾ ಮತ್ತೆ ಫೌಝಿಯಾಳ ಕಿವಿಯ ಬಳಿ ಬಾಗಿದಳು. ಅಷ್ಟರಲ್ಲಿ ಅಸ್ಕರ್ ಬಾಗಿಲಲ್ಲಿ ನಿಂತು, “ಉಮ್ಮ, ಪಳ್ಳಿಗೆ ಹೊತ್ತಾಯ್ತು,” ಎಂದ. ಗಂಡಸರು ಫೌಝಿಯಾಳ ಮಯ್ಯತ್ತನ್ನು ಹೆಗಲಿಗೇರಿಸಿಕೊಂಡು ಇಳಿಜಾರಿನಲ್ಲಿ ಮಸೀದಿಯ ಕಡೆಗೆ ನಡೆದರು. ಹೆಂಗಸರು ಜಗಲಿಯಲ್ಲೇ ಉಳಿದರು.

ಹಿತ್ತಿಲಲ್ಲಿ, ಮಯ್ಯತ್ತು ಮೀಯಿಸಲು ಕಟ್ಟಿದ ಮರೆಯೊಳಗೆ, ನಳ್ಳಿ ಸುರಿಯುತ್ತಲೇ ಇತ್ತು. ನವ್ಯಾ ಹೋಗಿ ತಿರುಗಿಸಿದಳು. ತಿರುಪು ಸವೆದಿತ್ತು, ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತುತ್ತಿತ್ತು. ಅವಳು ಅಂಗೈಯಿಂದ ನಳ್ಳಿಯ ಬಾಯಿಯನ್ನು ಅದುಮಿ ಹಿಡಿದು ನಿಂತಳು. ನೀರು ಬೆರಳ ಸಂದಿಗಳಿಂದ ಹೊರಟು ಅವಳ ಮೊಣಕೈವರೆಗೂ ಇಳಿಯಿತು.