ಕುದುರೆಯ ಕಿವಿಯೆತ್ತರದ ಗಾಳಿ

ಮರುಭೂಮಿಯ ಮಾಲಾಣಿ ಸೀಮೆಯಲ್ಲಿ ಮೂವತ್ತು ವರ್ಷದಿಂದ ಕಲ್ಲು ಕೂರಿಸುತ್ತಿರುವ ಘೇವರ್ ಮಿಸ್ತ್ರಿ ನಾನು. ನನ್ನ ಕೆಲಸಕ್ಕೆ ಹೆಸರಿಡುವವರು ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ. ಆದರೆ ಊರಿಗೆಲ್ಲ ಸೋದರತ್ತೆಯಾದ ಭುವಾಸಾ ಎಂಬತ್ತು ವರ್ಷದ ಹಿಂದೆಯೇ ಹುಟ್ಟಿಬಿಟ್ಟಿದ್ದರು.

ಕುದುರೆ ಸಾಕುವ ಅವರ ಮನೆಯಲ್ಲಿ ಈ ಮುದುಕಿಯದೇ ಕೊನೆಯ ಮಾತು. ಹೋದ ಬೇಸಿಗೆ ತಗಡಿನ ಲಾಯದ ಸೆಕೆಗೆ, ರತನಿ ಎಂಬ ಹೆಣ್ಣುಕುದುರೆಯ ಮರಿ ಹುಟ್ಟಿ ಮೂರನೆಯ ದಿನವೇ ಸತ್ತಿತ್ತು. ಈಗ ರತನಿಗೆ ಮತ್ತೆ ದಿನ ತುಂಬುತ್ತ ಬಂದಿತ್ತು. ಅದಕ್ಕೇ ನನ್ನಿಂದ ಹೊಸ ಲಾಯ ಕಟ್ಟಿಸಿದರು. ಬಿಸಿಗಾಳಿ ಬೀಸುವ ಪಡುವಣಕ್ಕೆ ದಪ್ಪ ಗೋಡೆ, ಬೇವಿನ ನೆರಳಿರುವ ಬಡಗಣಕ್ಕೆ ಮೊಣಕಾಲೆತ್ತರದಲ್ಲಿ ಸಾಲು ಕಿಂಡಿ. ಮೇಲೆ ಚಪ್ಪಡಿ ಹಾಸಿ, ಪಾರಿವಾಳ ನುಸುಳದಂತೆ ಸಂದುಗಳನ್ನೆಲ್ಲ ಮುಚ್ಚಿದೆ. ಅದೇ ನನ್ನ ಹೆಮ್ಮೆ.

"ನಮ್ಮನೆ ಪದ್ಧತಿ ಗೊತ್ತಲ್ಲ ಮಿಸ್ತ್ರಿ? ಕಟ್ಟಿದವನು ಮೊದ್ಲು ಒಂದು ಮಧ್ಯಾಹ್ನ ಒಳಗಿರ್ಬೇಕು. ಆಮೇಲೆ ಕುದುರೆ."

"ಅಷ್ಟೇನಾ ಭುವಾಸಾ? ಎರಡು ಮಧ್ಯಾಹ್ನ ಇರ್ತೀನಿ ಬಿಡಿ!"

ಸಜ್ಜೆ ರೊಟ್ಟಿ ತಿಂದು, ಮಜ್ಜಿಗೆ ಕುಡಿದು ನೆಲಕ್ಕೆ ಮೈಚೆಲ್ಲಿದೆ. ಎಂಥ ನಿದ್ದೆ! ಕೊನೆಗೆ ಅವರೇ ಬಂದು ಕೋಲಿನಿಂದ ತಿವಿದು ಎಬ್ಬಿಸಬೇಕಾಯಿತು.

ಮರುದಿನ ರತನಿಯನ್ನು ಕಟ್ಟಿದೆವು. ಅರ್ಧ ತಾಸಿನಲ್ಲಿ ಅದು ಮೈಯೆಲ್ಲ ಬೆವೆತು, ಹಗ್ಗ ಹರಿದುಕೊಂಡು ಹೊರಗೋಡಿತು. ನಾನು ಹರಿದ ಹಗ್ಗದ ತುಂಡು ಎತ್ತಿಕೊಂಡೆ.

"ಹೊಸ ಜಾಗ ಅಲ್ವಾ, ಹೆದರಿದೆ," ಎಂದೆ.

"ಹೆದರಿರೋದು ನೀನು. ನಿನ್ನೆ ಒಳಗೇನು ಮಾಡ್ದೆ?"

"ಮಲಗಿದ್ದೆ. ಹಾಯಾಗಿತ್ತು."

"ಅಯ್ಯೋ ಮಂಕೇ! ಕುದುರೆ ನಿನ್ನಂಗೆ ಕಾಲು ಚಾಚಿ ಗೊರಕೆ ಹೊಡೆಯತ್ತಾ? ನಿಂತ್ಕೊಂಡೇ ದಿನ ಕಳೆಯೋ ಪ್ರಾಣಿ ಅದು. ಹತ್ತು ಆ ತೊಟ್ಟಿ ಮೇಲೆ!"

ನೀರಿನ ತೊಟ್ಟಿಯ ಅಂಚು ಹತ್ತಿ ನಿಂತೆ. ತಲೆ ರತನಿಯ ಕಿವಿಯೆತ್ತರಕ್ಕೆ ಬಂದದ್ದೇ ತಡ, ಉಸಿರುಗಟ್ಟಿತು. ಹೋಗಲು ದಾರಿಯಿಲ್ಲದೆ ಇಡೀ ದಿನದ ಕಾವು ಅಲ್ಲೇ ನಿಂತಿತ್ತು. ನಿಜಕ್ಕೂ ನಾಚಿಕೆಯಾಯಿತು.

ಚಪ್ಪಡಿಯ ಕೆಳಗೆ ಎರಡೂ ಕಡೆ ಗೇಣಗಲ ಗೋಡೆ ಒಡೆದೆ. ಹಗ್ಗದ ತುಂಡು ಹೊತ್ತಿಸಿ ನೋಡಿದರೆ ಹೊಗೆ ಸರ್ರನೆ ಮೇಲೇರಿ ಹೊರಟುಹೋಯಿತು. ಮರುದಿನವೇ ಆ ಸಂದಿನಲ್ಲಿ ಪಾರಿವಾಳಗಳು ಬಂದು ಕೂತವು. ರತನಿಯೂ ಒಳಗೆ ಹಾಯಾಗಿ ನಿಂತಿತು.

ವಾರದಲ್ಲಿ ಹೆಣ್ಣುಮರಿ ಹುಟ್ಟಿತು. ಮೂರು ದಿನ ಭುವಾಸಾ ಲಾಯದ ಬಾಗಿಲು ಬಿಟ್ಟು ಕದಲಲಿಲ್ಲವಂತೆ. ನಾಲ್ಕನೆಯ ಮಧ್ಯಾಹ್ನ ನನಗೆ ಕರೆ ಬಂತು. ಹಾಲು ಕುಡಿದ ಮರಿ, ನಾನು ಗೊರಕೆ ಹೊಡೆದ ಜಾಗದಲ್ಲೇ ಕಾಲು ಚಾಚಿ ಮಲಗಿತ್ತು.

"ನೋಡು, ನಿನ್ನ ಜಾಗ ಹಿಡಿದುಬಿಟ್ಲು," ಎಂದು ಭುವಾಸಾ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಮೇಲಿನಿಂದ ಪಾರಿವಾಳದ ಹಿಕ್ಕೆ ನನ್ನ ಹೊಸ ಪೇಟದ ಮೇಲೆ ಬಿತ್ತು. ನಾನದನ್ನು ಒರೆಸಲು ಹೋಗಲಿಲ್ಲ.